ನಮ್ಮ ಕುರೂಪಿ ಶಹಾತಾ

ಅಲೆಕ್ಸಾಂಡ್ರಿಯಾ
ಅಕ್ಟೋಬರ್ ೯, ೧೯೮೩

ತಂಗಿ ತಹಾನಿ,

ನಿನ್ನ ಗಂಡನ ತಂತಿ ಬಂತು. "ಗಂಡು ಮಗು. ಮುದ್ದಾಗಿದೆ. ತೂಕ ಚೆನ್ನಾಗಿದೆ." ಫಿಕ್ರಿಯ ತಲೆಯಲ್ಲಿರುವುದು ಮಿದುಳೋ, ಗಣಿಯಲ್ಲಿ ಅಗೆಯುವ ಫಾಸ್ಫೇಟ್ ಧೂಳೋ? ಖಾರ್ಗಾದಿಂದ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಅದನ್ನು ಎಷ್ಟು ಜನ ಓದಿರಬೇಕು! ನಮ್ಮ ಬೀದಿಯ ಅಂಚೆಯವನಂತೂ ಕೈಗೆ ಕೊಡುವ ಮೊದಲೇ "ಮಬ್ರೂಕ್ ದೌಲತ್, ಶುಭವಾಗ್ಲಿ, ಮುದ್ದಾದ ಗಂಡು ಮಗುವಂತೆ!" ಅಂದ. ಮುಖಕ್ಕೆ ಹೊಡೆದ ಹಾಗೆ ಹೇಳಿದೆ: "ಮುದ್ದೂ ಇಲ್ಲ ಗಿದ್ದೂ ಇಲ್ಲ, ಕಪ್ಪೆ ಥರ ಇದೆಯಂತೆ. ನನ್ ತಂಗಿ ಗಂಡಂಗೆ ಕಣ್ಣು ಮಂಜು." ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಣಿದೆ. ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು.

ಈಗ ಮೈಯೆಲ್ಲ ಕಿವಿಯಾಗಿ ಕೇಳು. ಎರಡು ಕೂಸುಗಳನ್ನು ನಲವತ್ತು ದಿನ ತುಂಬುವ ಮೊದಲೇ ಮಣ್ಣಿಗೆ ಕೊಟ್ಟವಳು ನೀನು. ಎರಡನ್ನೂ ಊರೆಲ್ಲ ಬಂದು ಹೊಗಳಿ ಹೋಗಿತ್ತು. ಈ ಸಲ ಕೆಟ್ಟ ಕಣ್ಣಿಗೆ ದಾರಿ ಬಿಡಬಾರದು. ಮಗು ಚೆಂದ ಎಂದು ಬಾಯಿಂದ ಆಡಬೇಡ, ಕಾಗದದಲ್ಲೂ ಬರೆಯಬೇಡ. ಉಂಡರೆ ಉಣ್ಣಲಿಲ್ಲ ಅಂತ ಬರಿ. ನಕ್ಕರೆ ಅತ್ತ ಅಂತ ಬರಿ. ಬೆಳೆದರೆ ಸೊರಗಿದ ಅಂತ ಬರಿ. ನಾನು ತಿರುಗಿಸಿ ಓದಿಕೊಳ್ಳುತ್ತೇನೆ. ನಮ್ಮ ಅಮ್ಮ ನಮ್ಮಿಬ್ಬರನ್ನೂ "ಕೋತಿಗಳಾ" ಎಂದು ಕರೆದೇ ಉಳಿಸಿಕೊಂಡಳು, ಮರೆತೆಯಾ?

ಏಳನೆಯ ದಿನದ ಶಾಸ್ತ್ರಕ್ಕೆ ನನಗೆ ಬರಲಾಗುವುದಿಲ್ಲ. ಶಾಲೆಗಳು ಶುರುವಾದ ಕಾಲ, ಹೊಲಿಯಬೇಕಾದ ಸಮವಸ್ತ್ರದ ರಾಶಿ ಕತ್ತಿನವರೆಗೆ ಬಂದಿದೆ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಅಕ್ಕ, ನಿನ್ನ ಅಬ್ಲಾ
ದೌಲತ್


ಖಾರ್ಗಾ
ಅಕ್ಟೋಬರ್ ೨೬, ೧೯೮೩

ಅಬ್ಲಾ ದೌಲತ್,

ಅಕ್ಕನ ಅಪ್ಪಣೆಯಂತೆ ಬರೆಯುತ್ತಿದ್ದೇನೆ. ಮಗು ಮಹಾ ಕುರೂಪಿ. ರೆಪ್ಪೆಗಳು ಗಿಡ್ಡ. ಕೆನ್ನೆ ಒಣಗಿದ ಖರ್ಜೂರ. ಹಾಲು ಮುಟ್ಟುವುದೇ ಇಲ್ಲ, ನನ್ನ ಎದೆ ನೋಯುವಷ್ಟು ಮುಟ್ಟುವುದಿಲ್ಲ. ಮೊನ್ನೆ ನನ್ನ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಅಷ್ಟು ಶಕ್ತಿಹೀನ.

ಶಾಸ್ತ್ರ ಚೆನ್ನಾಗಿ ನಡೆಯಿತು. ಜರಡಿಯಲ್ಲಿ ಮಲಗಿಸಿದೆವು. ಅತ್ತೆ ಹಿತ್ತಾಳೆಯ ಕುಟ್ಟಾಣಿ ತಂದು ಅವನ ಕಿವಿಯ ಹತ್ತಿರವೇ ಬಡಿದು, "ಅಮ್ಮನ ಮಾತು ಕೇಳು! ಅಪ್ಪನ ಮಾತು ಕೇಳಬ್ಯಾಡ! ಅಜ್ಜಿ ಮಾತು ಎಲ್ಲಕ್ಕಿಂತ ಮೊದಲು ಕೇಳು!" ಎಂದು ಕೂಗಿದರು. ಉಪ್ಪು ಎರಚಿದರು. ಹೆಸರು ಶಹಾತಾ. ಭಿಕ್ಷುಕ. ಏಳು ಮನೆಗಳಲ್ಲಿ ತುಂಡು ಬಟ್ಟೆ ಬೇಡಿ ತಂದು ಮೊದಲ ಅಂಗಿ ಹೊಲಿದೆ. ಭಿಕ್ಷುಕನ ಮನೆಗೆ ಸಾವು ಯಾವ ಮುಖ ಇಟ್ಟುಕೊಂಡು ಬರುತ್ತದೆ ಎನ್ನುತ್ತಾರೆ ಇಲ್ಲಿ.

ನನಗೂ ಶಾಲೆ ಶುರುವಾಗಿದೆ ಅಬ್ಲಾ, ನಾನು ಮೇಷ್ಟರಮ್ಮ. ಸಮವಸ್ತ್ರದ ನೆಪ ನನಗೆ ಹೇಳಬೇಡ. ನೀನು ಬರುತ್ತೀ ಎಂದು ಬಾಗಿಲು ನೋಡುತ್ತಲೇ ಇದ್ದೆ. ಅತ್ತೆ ಮಾತ್ರ "ಬರದೆ ಇದ್ದದ್ದೇ ಒಳ್ಳೇದಾಯ್ತು ಬಿಡು" ಅಂದರು.

ತಹಾನಿ


ಅಲೆಕ್ಸಾಂಡ್ರಿಯಾ
ನವೆಂಬರ್ ೧೮, ೧೯೮೩

ತಹಾನಿ,

ಭೇಷ್! "ನನ್ನ ಎದೆ ನೋಯುವಷ್ಟು ಮುಟ್ಟುವುದಿಲ್ಲ" ಎಂಬಲ್ಲಿ ಚಹಾ ಮೂಗಿಗೆ ಹತ್ತಿತು. ಆ ಕುರೂಪಿಗೆ ಹೇಳು, ದೊಡ್ಡಮ್ಮ ಅವನಿಗಾಗಿ ಅತ್ಯಂತ ಕೆಟ್ಟ ಉಣ್ಣೆಯಲ್ಲಿ ಅತ್ಯಂತ ಕೆಟ್ಟ ಟೋಪಿ ಹೆಣೆದಿದ್ದಾಳೆ ಅಂತ. ನಮ್ಮ ಮೇಲಿನ ಮಹಡಿಯ ಮಕ್ಕಳ ಡಾಕ್ಟರ್ ಸಮೀಹಾ ಗೊತ್ತಲ್ಲ, ಅವಳನ್ನು ಅಳತೆ ಕೇಳಿಯೇ ಹೆಣೆದದ್ದು. ಮೂರು ತಿಂಗಳಿಗೆ ಸರಿಹೋಗುತ್ತದಂತೆ.

ಬರುವ ಮಾತು ಬಿಡು. ನಾನು ಬಂದರೆ ನಿಮ್ಮತ್ತೆಗೆ ಸರಿಬರುವುದಿಲ್ಲ. ಪತ್ರ ಬರಿ, ಸಾಕು. ನಿನ್ನ ಪತ್ರ ಬಂದ ದಿನ ನನಗೆ ಹಬ್ಬ.

ದೌಲತ್


ಖಾರ್ಗಾ
ಜನವರಿ ೧೭, ೧೯೮೪

ಅಬ್ಲಾ,

ನಿನ್ನ ಟೋಪಿ ಶಹಾತಾನಿಗೆ ಆಗಲಿಲ್ಲ. ಕಿವಿಯವರೆಗೂ ಇಳಿಯುವುದಿಲ್ಲ, ನೆತ್ತಿಯ ಮೇಲೆ ಚಹಾ ಬಟ್ಟಲು ಕವುಚಿದ ಹಾಗೆ ನಿಲ್ಲುತ್ತದೆ. ತಲೆ ದೊಡ್ಡದಾಗಿದೆ. ನೆತ್ತಿಯ ಮೆತ್ತನೆಯ ಜಾಗ ಅತ್ತಾಗ ಉಬ್ಬುತ್ತದಲ್ಲ, ಅವನಿಗೆ ಅಳದಿದ್ದಾಗಲೂ ಉಬ್ಬಿಯೇ ಇರುತ್ತದೆ. ಕುಡಿದದ್ದನ್ನು ಕಕ್ಕುತ್ತಾನೆ.

ಅತ್ತೆಗೆ ಹೇಳಿದರೆ ಬೈಗುಳ. "ಏನೇ ಮೇಷ್ಟ್ರಮ್ಮ, ತಲೆ ದೊಡ್ಡದಿದ್ರೆ ಅಳ್ತಾರೇನೇ? ದೊಡ್ಡ ತಲೆ ಊರ ಯಜಮಾನಂಗೆ, ದೊಡ್ಡ ಪಾದ ಕತ್ತೆ ಕಾಯೋನಿಗೆ! ಫಿಕ್ರಿ ತಲೆ ಹೆರುವಾಗ ನನ್ ಪ್ರಾಣಾನೇ ಹೋಯ್ತು ಅಂತ ಸೂಲಗಿತ್ತಿ ಅಂದಿದ್ಲು." ಇರಬಹುದು. ಫಿಕ್ರಿಗೂ ಅಂಗಡಿಯ ಟೋಪಿ ಯಾವುದೂ ಹಿಡಿಸುವುದಿಲ್ಲ.

ಮಕ್ಕಳು ಮೂರು ತಿಂಗಳಿಗೆ ಕಕ್ಕುವುದು ಸಹಜವೇ? ಸುಮ್ಮನೆ ಕೇಳಿದೆ.

ತಹಾನಿ


ಅಲೆಕ್ಸಾಂಡ್ರಿಯಾ
ಫೆಬ್ರವರಿ ೩, ೧೯೮೪

ತಹಾನಿ, ನನ್ನ ಚಿನ್ನ,

ನನ್ನನ್ನೂ ಮೀರಿಸಿದೆ ನೀನು! ಟೋಪಿ ಆಗದಷ್ಟು ಬೆಳೆದನೇ? ಮೂರು ತಿಂಗಳಿಗೇ? ಹೊಟ್ಟೆ ತುಂಬಿ ಮಿಕ್ಕಿ ಕಕ್ಕುವಷ್ಟು ಹಾಲೇ? ಇನ್ನೊಂದು ಟೋಪಿ ಕಳಿಸುತ್ತಿದ್ದೇನೆ, ಒಂದು ವರ್ಷದ ಮಗುವಿನ ಅಳತೆಯದು. ಈ ಕುಂಬಳಕಾಯಿಗೆ ಇದೂ ಆಗದಿದ್ದರೆ ಹೇಳು, ಹಿಟ್ಟಿನ ಚೀಲವನ್ನೇ ಟೋಪಿ ಮಾಡಿ ಕಳಿಸುತ್ತೇನೆ.

ನೆತ್ತಿ ಉಬ್ಬಿದೆ ಎಂದು ಬರೆದದ್ದು ಮಾತ್ರ ಸ್ವಲ್ಪ ಅತಿಯಾಯಿತು. ಸೊರಗಿದ, ಕಪ್ಪಾದ, ಅಷ್ಟು ಸಾಕು.

ದೌಲತ್


ಖಾರ್ಗಾ
ಫೆಬ್ರವರಿ ೨೬, ೧೯೮೪

ಅಬ್ಲಾ,

ಆಟ ನಿಲ್ಲಿಸೋಣ. ಇದನ್ನು ತಿರುಗಿಸದೆ ಓದು.

ಮಗುವಿನ ಮೈ ಬೆಳೆದಿಲ್ಲ. ತಲೆ ಮಾತ್ರ ಬೆಳೆಯುತ್ತಿದೆ. ನೀನು ಕಳಿಸಿದ ಎರಡನೆಯ ಟೋಪಿಯೂ ಬಿಗಿ. ಹಣೆಯ ಮೇಲೆ ನೀಲಿ ನರಗಳು ಎದ್ದಿವೆ. ಕಣ್ಣುಗುಡ್ಡೆಗಳು ಕೆಳಕ್ಕೆ ಜಾರುತ್ತವೆ, ಮೇಲೆ ಬಿಳಿ ಮಾತ್ರ ಕಾಣುತ್ತದೆ. ಮೊದಲು ದೀಪದ ಕಡೆ ನೋಡುತ್ತಿದ್ದ, ಈಗ ನೋಡುವುದಿಲ್ಲ. ತಲೆ ಎತ್ತಲಾರ. ನಾನು ಹಾಲು ಕೊಡುವಾಗ ಆ ಭಾರಕ್ಕೆ ತೋಳು ಜೋಮು ಹಿಡಿಯುತ್ತದೆ.

ಆರೋಗ್ಯ ಕೇಂದ್ರದ ಡಾಕ್ಟರ್ ಈಗಷ್ಟೇ ಓದು ಮುಗಿಸಿ ಬಂದ ಹುಡುಗ. ಫಿಕ್ರಿಯ ತಲೆ ನೋಡಿ ನಕ್ಕು, "ಅಪ್ಪನ ಥರಾನೇ ಮಗ" ಎಂದು ವಾಂತಿಗೆ ಔಷಧಿ ಕೊಟ್ಟ. ಫಿಕ್ರಿ ಅದನ್ನೇ ಹಿಡಿದುಕೊಂಡು ಗಣಿಗೆ ಹೊರಟುಹೋದ. ಅತ್ತೆ ಮಗುವನ್ನು ಮನೆಯಿಂದಾಚೆ ಬಿಡುವುದಿಲ್ಲ, "ನಾಲ್ಕು ಜನ ನೋಡಿದ್ರೆ ಕಣ್ಣಾಗುತ್ತೆ" ಎನ್ನುತ್ತಾರೆ.

ದೇವರಾಣೆ, ಅಬ್ಲಾ, ಇದರಲ್ಲಿ ಒಂದಕ್ಷರವೂ ಆಟವಲ್ಲ. ಡಾಕ್ಟರ್ ಸಮೀಹಾಳನ್ನು ಕೇಳಿ ಏನು ಮಾಡಬೇಕೆಂದು ಬರಿ. ಅವಳೇ ಬಾ ಎಂದಳು ಎಂದು ನಿನ್ನ ಕೈಯಲ್ಲಿ ಬರೆದುಕೊಟ್ಟರೆ ಇವರು ನನ್ನನ್ನು ಕಳಿಸುತ್ತಾರೆ.

ತಹಾನಿ


ಅಲೆಕ್ಸಾಂಡ್ರಿಯಾ
ಮಾರ್ಚ್ ೧೧, ೧೯೮೪

ತಹಾನಿ,

ಮೊದಲ ಸಲ ಓದಿದಾಗ ಮಂಚದ ಮೇಲೆ ಕೂತುಬಿಟ್ಟೆ. ಆಮೇಲೆ ನಿನ್ನ ಜಾಣತನ ಹೊಳೆದು ನಕ್ಕುಬಿಟ್ಟೆ. "ತಿರುಗಿಸದೆ ಓದು" ಎನ್ನುವುದಂತೆ! ನಾನೇ ಕಣ್ಣಾಗಿದ್ದರೆ ಇದನ್ನು ನಂಬಿ, ಇಲ್ಲಿ ನನಗೆ ಕೆಲಸವಿಲ್ಲ ಎಂದು ಬೇರೆ ಮನೆ ಹುಡುಕಿಕೊಂಡು ಹೋಗುತ್ತಿದ್ದೆ. ಈ ಆಟ ನಿನಗೆ ಕಲಿಸಿದವಳು ನಾನು, ನನಗೇ ಕಣ್ಣು ಕಟ್ಟುತ್ತೀಯಾ?

ಆದರೆ ದೇವರಾಣೆ ಮಾತ್ರ ಬೇಡ. ಕಣ್ಣನ್ನು ಏಮಾರಿಸಲು ಸುಳ್ಳು ಹೇಳಿದರೆ ಪಾಪವಿಲ್ಲ, ಸುಳ್ಳಿಗೆ ದೇವರನ್ನು ಸಾಕ್ಷಿ ಕರೆದರೆ ಪಾಪ. ಮೂರು ದಿನ ಉಪವಾಸವಿದ್ದು ಕಳೆದುಕೋ. ಹಾಲೂಡಿಸುವವಳು ನೀನು, ನಿನ್ನ ಪರವಾಗಿ ನಾನೇ ಇರುತ್ತೇನೆ ಬಿಡು.

ಸಮೀಹಾ ಮೆಟ್ಟಿಲಲ್ಲಿ ಸಿಕ್ಕಿದ್ದಳು. "ತಂಗಿ ಮಗು ಹೇಗಿದೆ ದೌಲತ್?" ಎಂದು ಅವಳೇ ಕೇಳಿದಳು. "ಇದೆ ಏನೋ ಒಂದು" ಎಂದು ದಾಟಿಕೊಂಡು ಬಂದೆ. ಬಾಯಿಬಿಟ್ಟರೆ ಕುಂಬಳಕಾಯಿಯನ್ನು ಹೊಗಳಬೇಕಾಗುತ್ತಿತ್ತು.

ದೌಲತ್


ಖಾರ್ಗಾ
ಮಾರ್ಚ್ ೨೪, ೧೯೮೪

ಅಬ್ಲಾ ದೌಲತ್,

ನನ್ನ ಮಗ ತುಂಬ ಚೆಂದ. ತಲೆ ಮೈಗೆ ತಕ್ಕ ಹಾಗಿದೆ. ಕುಡಿದ ಹಾಲು ಹೊಟ್ಟೆಯಲ್ಲಿ ನಿಲ್ಲುತ್ತದೆ. ಕತ್ತು ನಿಂತಿದೆ. ನನ್ನ ಮುಖ ನೋಡುತ್ತಾನೆ, ನೋಡಿ ನಗುತ್ತಾನೆ. ಇಷ್ಟು ಆರೋಗ್ಯವಂತ ಮಗು ಈ ಓಯಸಿಸ್‌ನಲ್ಲೇ ಇಲ್ಲ ಎಂದು ಎಲ್ಲರೂ ಹೊಗಳುತ್ತಾರೆ.

ನನಗೆ ಯಾವ ಭಯವೂ ಇಲ್ಲ. ನೀನು ಬರಬೇಕಾಗಿಲ್ಲ.

ತಹಾನಿ


ತಂತಿ
ಅಲೆಕ್ಸಾಂಡ್ರಿಯಾ, ಏಪ್ರಿಲ್ ೧, ೧೯೮೪

ಅರ್ಥವಾಯಿತು. ರೈಲು ಹತ್ತುತ್ತಿದ್ದೇನೆ. ಯಾರು ತಡೆದರೂ ನಿಲ್ಲದೆ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಅಸ್ಯೂತ್ ನಿಲ್ದಾಣಕ್ಕೆ ಬಾ. ದೌಲತ್


ಕೈರೋ, ಆಸ್ಪತ್ರೆಯಿಂದ
ಮೇ ೬, ೧೯೮೪

ಅಬ್ಲಾ,

ಎಲ್ಲವನ್ನೂ ನೆಟ್ಟಗೆ ಬರೆಯುತ್ತೇನೆ. ಹೀಗೆ ಬರೆಯುವುದು ಕೈಗೆ ಅಭ್ಯಾಸ ತಪ್ಪಿಹೋಗಿದೆ.

ನಮ್ಮನ್ನು ಅಸ್ಯೂತ್‌ನಿಂದ ಇಲ್ಲಿಗೆ ಕರೆತಂದು, ಅಷ್ಟು ದಿನ ಜೊತೆಗಿದ್ದು, ನೀನು ಹೊರಟ ಮೂರನೆಯ ದಿನ ಆಪರೇಷನ್ ಮಾಡಿದರು. ಆ ದಿನ ನೀನು ಇರಲೇಬಾರದು ಎಂದು ಯಾಕೆ ಅಷ್ಟು ಹಟ ಹಿಡಿದು ಹೋದೆಯೋ ನನಗೆ ತಿಳಿಯಲಿಲ್ಲ. ನೋಡಲಾರದೆ ಹೋದೆ ಎಂದುಕೊಂಡೆ. ಬಾಗಿಲಾಚೆ ಫಿಕ್ರಿ ಮತ್ತು ನಾನು ಕೂತಿದ್ದೆವು. ಅವನು ತನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದೇ ತಪ್ಪು ಮಾಡಿದ್ದು ಎಂಬಂತೆ, ಬಗ್ಗಿ ಕೂತಿದ್ದ.

ಯಂತ್ರದಲ್ಲಿ ತೆಗೆದ ಚಿತ್ರವನ್ನು ದೊಡ್ಡ ಡಾಕ್ಟರ್ ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿಗೆ ಹೊದಿಸಿದ ಪೊರೆ ಇರುತ್ತದಂತೆ, ಗಡ್ಡೆ ಹುಟ್ಟಿರುವುದು ಅದರಲ್ಲಿ. ವಯಸ್ಸಾದವರಿಗೆ ಬರುವಂಥದ್ದು, ಹಾಲುಗೂಸಿಗೆ ಬರುವುದು ತೀರ ಅಪರೂಪ. "ಇದು ಕ್ಯಾನ್ಸರ್ ಅಲ್ಲಮ್ಮ" ಎಂದರು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಅವರ ಕೈ ಹಿಡಿದುಕೊಂಡುಬಿಟ್ಟೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಅದರಿಂದಲೇ ನನಗೆ ಹೆದರಿಕೆಯಾಯಿತು. ಕೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲವಂತೆ. ಗಡ್ಡೆ ಬೆಳೆದ ಹಾಗೆಲ್ಲ ಅವು ಸರಿದು ಜಾಗ ಮಾಡಿಕೊಟ್ಟಿವೆ. ಅದಕ್ಕೇ ತಲೆ ಹಾಗೆ ಬೆಳೆದದ್ದು, ಅದಕ್ಕೇ ಅವನು ಇಷ್ಟು ದಿನ ತಡೆದುಕೊಂಡದ್ದು.

ತೆರೆದಾಗ ರಕ್ತ ನಿಲ್ಲಲಿಲ್ಲ. ಇಂಥ ಗಡ್ಡೆಗೆ ರಕ್ತದ ಹಸಿವು, ಇಷ್ಟು ಚಿಕ್ಕ ಮೈಯಲ್ಲಿ ಇರುವ ರಕ್ತವೇ ಎಷ್ಟು! ಅರ್ಧ ತೆಗೆದು ಮುಚ್ಚಿದರು. ಕಣ್ಣು ಹೋಗಿದೆ. ಇನ್ನೊಮ್ಮೆ ತೆರೆದರೆ ಮೇಜಿನ ಮೇಲೇ ಹೋಗುತ್ತಾನೆ, ತೆರೆಯದಿದ್ದರೆ ಉಳಿದ ಅರ್ಧ ಬೆಳೆಯುತ್ತದೆ.

ಫಿಕ್ರಿ ಕೇಳಿದ, "ಮುಂಚೇನೇ ಬಂದಿದ್ರೆ, ಡಾಕ್ಟ್ರೇ?"

"ಜನವರಿಯಲ್ಲಿ ಬಂದಿದ್ರೆ ನಿಂಬೆಹಣ್ಣಿನಷ್ಟಿರ್ತಿತ್ತು" ಎಂದರು. "ಆಗಲೂ ಖಾತ್ರಿ ಹೇಳ್ತಿರಲಿಲ್ಲ. ಆದ್ರೆ ಪ್ರಯತ್ನ ಮಾಡಬಹುದಾಗಿತ್ತು."

ಜನವರಿ. ಅಷ್ಟೇ, ಅಬ್ಲಾ. ಬೇರೇನೂ ಇಲ್ಲ ಬರೆಯುವುದಕ್ಕೆ.

ತಹಾನಿ


ಅಲೆಕ್ಸಾಂಡ್ರಿಯಾ
ಮೇ ೧೪, ೧೯೮೪

ತಹಾನಿ,

ಜನವರಿಯ ನಿನ್ನ ಪತ್ರ ನನ್ನ ಮುಂದಿದೆ. "ಸುಮ್ಮನೆ ಕೇಳಿದೆ" ಎಂದು ಬರೆದಿದ್ದೀ. ನಾನು ಕುಂಬಳಕಾಯಿ ಎಂದು ಬರೆದೆ. ಮೇಲಿನ ಮಹಡಿಗೆ ಹತ್ತಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಹದಿನೆಂಟು ಮೆಟ್ಟಿಲು. ಈಗ ದಿನಾ ಹತ್ತಿ ಅವಳ ಬಾಗಿಲವರೆಗೂ ಹೋಗಿ ಇಳಿದು ಬರುತ್ತೇನೆ, ಹುಚ್ಚಿಯ ಹಾಗೆ.

ಒಂದು ಮಾತು ಹೇಳಬೇಕು. ಏಳನೆಯ ದಿನ ನಾನು ಬರದಿದ್ದದ್ದು ಸಮವಸ್ತ್ರ ಹೊಲಿಯುವುದಕ್ಕಲ್ಲ. ನಿಮ್ಮತ್ತೆ ಹೇಳಿದ್ದರಲ್ಲ, ಬರದೆ ಇದ್ದದ್ದೇ ಒಳ್ಳೆಯದಾಯಿತು ಎಂದು. ಅದು ನನ್ನ ಮನಸ್ಸಿನಲ್ಲೂ ಇತ್ತು. ಬಂಜೆಯ ಕಣ್ಣಿಗಿಂತ ಕೆಟ್ಟ ಕಣ್ಣು ಇಲ್ಲ ಎನ್ನುತ್ತಾರೆ. ನಾನು ಹೆದರಿದ್ದು ಅಂಚೆಯವನ ಕಣ್ಣಿಗಲ್ಲ, ಊರವರ ಕಣ್ಣಿಗಲ್ಲ. ನನ್ನದಕ್ಕೇ. ನಿನ್ನ ಮಗು ಚೆಂದ ಎಂದು ನೀನು ಬರೆದರೆ ನನ್ನೊಳಗೆ ಏನು ಏಳುತ್ತದೋ ಎಂದು ಹೆದರಿ, ನನ್ನಿಂದ ಅವನನ್ನು ಕಾಪಾಡಲು ತಿರುಗಿಸಿ ಬರೆ ಎಂದೆ. ಆಪರೇಷನ್‌ಗೆ ಮೊದಲೇ ಹೊರಟು ಬಂದದ್ದೂ ಅದಕ್ಕೇ. ಮನುಷ್ಯರಿಗೆ ಬರಬಾರದ ಬುದ್ಧಿ ನನಗೆ ಬಂತು.

ಬೈದು ಬರಿ. ನಿನ್ನ ಪತ್ರದಲ್ಲಿ ಒಂದಾದರೂ ಬೈಗುಳ ಇದ್ದಿದ್ದರೆ ನಾನು ಒಂದು ತುತ್ತು ಉಣ್ಣುತ್ತಿದ್ದೆ.

ದೌಲತ್


ಅಲೆಕ್ಸಾಂಡ್ರಿಯಾ
ಜೂನ್ ೨೦, ೧೯೮೪

ತಹಾನಿ,

ಆಸ್ಪತ್ರೆಯವರು ನಿಮ್ಮನ್ನು ಊರಿಗೆ ಕಳಿಸಿದರಂತೆ. ಸಮೀಹಾ ಫೋನು ಮಾಡಿ ವಿಚಾರಿಸಿದಳು. ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ಬರಲೇ? ಒಂದೇ ಅಕ್ಷರ ಬರಿ. ನೆಟ್ಟಗೆ ಬರಿ.

ದೌಲತ್


ಖಾರ್ಗಾ
ಜುಲೈ ೧೯, ೧೯೮೪

ಅಬ್ಲಾ,

ಶಹಾತಾ ಹೋದ. ಕಳೆದ ವಾರ, ಮಧ್ಯಾಹ್ನದ ಹೊತ್ತು. ತಂತಿ ಕೊಡಲು ಫಿಕ್ರಿ ಹೊರಟಿದ್ದ, ನಾನೇ ಬೇಡ ಎಂದೆ. ಅಂಚೆಕಚೇರಿಯಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಹೇಳುವುದು ನನಗೆ ಬೇಡವಾಗಿತ್ತು.

ಕೊನೆಯ ದಿನಗಳಲ್ಲಿ ಅಳುವ ಶಕ್ತಿಯೂ ಇರಲಿಲ್ಲ. ತಲೆಯ ಚರ್ಮ ದೀಪದ ಗಾಜಿನಷ್ಟು ತೆಳುವಾಗಿತ್ತು. ಮಗ್ಗುಲು ಬದಲಿಸಲು ಇಬ್ಬರು ಬೇಕಾಗುತ್ತಿತ್ತು, ಒಬ್ಬರು ಮೈಗೆ, ಒಬ್ಬರು ತಲೆಗೆ. ತಲೆಯನ್ನು ಅತ್ತೆಯೇ ಹಿಡಿಯುತ್ತಿದ್ದರು, ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಊರ ಯಜಮಾನನ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಗುಂಡಿ ತೋಡಿದವರು ಕೂಸಿನ ಅಳತೆಗೆ ತೋಡಿದ್ದರಂತೆ, ತಲೆಯ ಕಡೆ ಮತ್ತೆ ಅಗಲ ಮಾಡಬೇಕಾಯಿತು. ಫಿಕ್ರಿ ಹೇಳಬಾರದಿತ್ತು, ಹೇಳಿದ.

ಮಾತಾಡಿಸಲು ಬಂದ ಹೆಂಗಸರು "ಸ್ವರ್ಗದಲ್ಲಿ ಹಕ್ಕಿಯಾಗವ್ನೆ, ಅಳಬ್ಯಾಡ" ಎನ್ನುತ್ತಾರೆ. ಒಬ್ಬಳು "ಎಷ್ಟು ಚೆಂದಾಗಿತ್ತಮ್ಮ ಮುಖ" ಎಂದಳು. ಅವಳು ಹೋಗುವವರೆಗೂ ನಾನು ಗೋಡೆ ನೋಡುತ್ತಿದ್ದೆ.

ನೀನು ಬೈದು ಬರಿ ಎಂದೆ. ಬೈಯಬೇಕು ಎಂದು ಎಷ್ಟೋ ಸಲ ಕೂತೆ. ಬೈದರೆ ಆ ಬೈಗುಳವನ್ನೂ ನೀನು ತಿರುಗಿಸಿ ಓದುತ್ತೀಯೇನೋ ಎನಿಸಿತು. ನನಗೂ ನಾಲಗೆ ಇತ್ತು, ಕಾಲಿತ್ತು, ಬಸ್ಸಿತ್ತು. ಅತ್ತೆ ತಡೆದರೆ ನಾನು ಯಾಕೆ ನಿಂತೆ? ಫೆಬ್ರವರಿಯಲ್ಲಿ ಪತ್ರ ಬರೆಯುವ ಬದಲು ಮಗುವನ್ನು ಎತ್ತಿಕೊಂಡು ಹೊರಟಿದ್ದರೆ? ನಿನ್ನ ಮೇಲೆ ಸಿಟ್ಟಿದೆ, ಅದು ಹೋಗುವುದಿಲ್ಲ. ಆದರೂ ಇದನ್ನು ಬರೆಯಲು ನೀನಲ್ಲದೆ ನನಗೆ ಬೇರೆ ಯಾರೂ ಇಲ್ಲ.

ಆ ಮಧ್ಯಾಹ್ನ ಅವನು ನನ್ನ ತೊಡೆಯ ಮೇಲಿದ್ದ. ಉಸಿರು ದೂರ ದೂರವಾಗುತ್ತಿತ್ತು. ಕಣ್ಣಿಲ್ಲದಿದ್ದರೂ ಕಿವಿ ಇತ್ತು, ನನ್ನ ದನಿಗೆ ಬೆರಳು ಅಲ್ಲಾಡಿಸುತ್ತಿದ್ದ. ಅವನಿಗೆ ಒಂದು ಮಾತು ಹೇಳಿ ಕಳಿಸಬೇಕು ಎನಿಸಿತು. ಎಲ್ಲ ತಾಯಂದಿರೂ ಹುಟ್ಟಿದ ದಿನವೇ ಹೇಳುವ ಮಾತು, ನಾನು ಒಂದು ಸಲವೂ ಹೇಳದ ಮಾತು. ಬಾಯಿ ತೆರೆದೆ. ಚೆಂದ ಎಂದು ನಾನು ಅವನ ಬಗ್ಗೆ ಒಮ್ಮೆ ಬರೆದಿದ್ದೇನೆ, ಮಾರ್ಚ್ ತಿಂಗಳಲ್ಲಿ, ನಿನಗೆ. ಆಗ ಅದರ ಅರ್ಥ ಸಾಯುತ್ತಿದ್ದಾನೆ, ಬಾ ಎಂದಾಗಿತ್ತು. ಈಗ ಆ ಮಾತಿಗೆ ನನ್ನ ಬಾಯಲ್ಲಿ ಬೇರೆ ಅರ್ಥವೇ ಉಳಿದಿಲ್ಲ. "ಕುರೂಪಿ, ನನ್ನ ಕುರೂಪಿ" ಎಂದೆ. ಅದನ್ನೇ ಕೇಳಿಕೊಂಡು ಹೋದ.

ಆಸ್ಪತ್ರೆಯಲ್ಲಿ ಅಷ್ಟು ದಿನ ನೀನು ಅವನನ್ನು ಎತ್ತಿಕೊಂಡಿದ್ದೀ, ಹತ್ತಿರದಿಂದ ನೋಡಿದ್ದೀ. ತಲೆಯಲ್ಲ, ಮುಖ ನೋಡಿದ್ದೀ. ಅವನು ಹೇಗಿದ್ದ ಎಂದು ನನಗೆ ಬರಿ. ಚೆಂದವಿದ್ದರೆ ಚೆಂದವಿದ್ದ ಎಂದೇ ಬರಿ. ಹೆದರಬೇಡ, ನಿನ್ನ ಕಣ್ಣು ತಾಗುವುದಕ್ಕೆ ಇಲ್ಲಿ ಯಾರೂ ಉಳಿದಿಲ್ಲ.

ತಹಾನಿ